ಹದಿಹರೆಯದವರೊಂದಿಗೆ ಸಂತಾನೋತ್ಪತ್ತಿ ಆರೋಗ್ಯದ ಮಾತು: ಆಪ್ತಸಮಾಲೋಚಕರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸಕ್ಕೆ ಹೊಸದಾಗಿ ಬಂದ ಆಪ್ತಸಮಾಲೋಚಕರು, ನರ್ಸ್‌ಗಳು, ಬೇಡವೆಂದರೂ ಈ ಹೊಣೆ ಹೆಗಲಿಗೆ ಬಿದ್ದ ಶಿಕ್ಷಕರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ತರಬೇತಿಯಲ್ಲಿ ಕೈ ಎತ್ತಿ ಕೇಳಿದವುಗಳಿಗಿಂತ, ಎಲ್ಲ ಮುಗಿದ ಮೇಲೆ ಮೆಟ್ಟಿಲ ಬಳಿ ತಡೆದು ಮೆಲ್ಲಗೆ ಕೇಳಿದವೇ ಹೆಚ್ಚು. ದೊಡ್ಡವರ ಸಂಕೋಚ ಮಕ್ಕಳ ಸಂಕೋಚಕ್ಕಿಂತ ಏನೂ ಕಡಿಮೆಯಿಲ್ಲ.

ಹದಿಹರೆಯದವರು ಎಂದರೆ ಯಾವ ವಯಸ್ಸಿನವರು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದವರು. ಆದರೆ ಈ ಹತ್ತು ವರ್ಷಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದರೆ ಕೆಲಸ ಕೆಡುತ್ತದೆ. 11ರ ಹುಡುಗಿಗೆ ತನ್ನ ಮೈಗೆ ಆಗುತ್ತಿರುವುದೆಲ್ಲ ಸರಿಯೇ ಎಂದು ತಿಳಿಯಬೇಕಿರುತ್ತದೆ. 14ರ ಹುಡುಗನಿಗೆ ಗೆಳೆಯರ ಪಕ್ಕದಲ್ಲಿ ತಾನು ಹಿಂದೆ ಬಿದ್ದಿದ್ದೇನೆಯೇ ಎಂಬ ಚಿಂತೆ. 18ರವಳು ನೇರವಾಗಿ ಗರ್ಭನಿರೋಧಕದ ವಿಷಯಕ್ಕೇ ಬರಬಹುದು.

ಬೆಳವಣಿಗೆಗೂ ಒಂದೇ ಗಡಿಯಾರವಿಲ್ಲ. ಹುಡುಗಿಯರಲ್ಲಿ ಸ್ತನ ಮೂಡುವುದು 8ರಿಂದ 13ರ ನಡುವೆ ಯಾವಾಗಲಾದರೂ ಆಗಬಹುದು. ಹುಡುಗರಲ್ಲಿ ವೃಷಣ ದೊಡ್ಡದಾಗತೊಡಗುವುದು 9ರಿಂದ 14ರ ನಡುವೆ. ಒಂದೇ ಬೆಂಚಿನಲ್ಲಿ ಮೀಸೆ ಚಿಗುರಿದವನೂ ಹಾಲುಗಲ್ಲದವನೂ ಕುಳಿತಿರುತ್ತಾರೆ, ಇಬ್ಬರೂ ಸರಿಯಾಗಿಯೇ ಬೆಳೆಯುತ್ತಿರುತ್ತಾರೆ. ಮೈ ನೋಡಿ ವಯಸ್ಸು ಅಳೆಯಬೇಡಿ. ಎಷ್ಟೇ ಎತ್ತರ ಬೆಳೆದಿದ್ದರೂ 12ರ ಹುಡುಗಿಯ ಮನಸ್ಸಿಗೆ 12 ವರ್ಷವೇ.

ಮಾತು ಎಲ್ಲಿಂದ ಶುರು ಮಾಡಬೇಕು?

ಕುರ್ಚಿಯಿಂದ. ಮೇಜಿನ ಆಚೆ ನೀವು, ಈಚೆ ಆ ಮಗು ಎಂದು ಕುಳಿತರೆ ಅದು ವಿಚಾರಣೆಯಂತೆ ಕಾಣುತ್ತದೆ. ಕುರ್ಚಿಗಳನ್ನು ಸ್ವಲ್ಪ ಓರೆಯಾಗಿ ಹಾಕಿ. ಕಣ್ಣು ತಪ್ಪಿಸಬೇಕೆನಿಸಿದಾಗ ತಪ್ಪಿಸಲು ಅವರಿಗೆ ಜಾಗವಿರಲಿ. ಬಾಗಿಲಿಗೆ ಹತ್ತಿರದ ಕುರ್ಚಿ ಅವರದಾಗಲಿ. ಮೊಬೈಲನ್ನು ಅವರ ಕಣ್ಣೆದುರೇ ಸದ್ದಡಗಿಸಿ ಡ್ರಾಯರಿನಲ್ಲಿಡಿ. ಬರೆದುಕೊಳ್ಳುವುದಿದ್ದರೆ ಏನು ಬರೆಯುತ್ತಿದ್ದೀರಿ, ಯಾರು ಓದುತ್ತಾರೆ ಎಂದು ಮೊದಲೇ ಹೇಳಿ. ಪೆನ್ನು ಅಲುಗಿದ ಕೂಡಲೇ ಅವರ ಬಾಯಿ ಮುಚ್ಚುತ್ತದೆ.

ಆಮೇಲೆ ಸುಲಭದ ವಿಷಯದಿಂದ ಕಷ್ಟದ ವಿಷಯಕ್ಕೆ ಹೋಗಿ. 1988ರಲ್ಲಿ ಗೋಲ್ಡನ್‌ರಿಂಗ್ ಮತ್ತು ಕೋಹೆನ್ ಎಂಬ ವೈದ್ಯರು ಬರೆದು ಪ್ರಚಾರಕ್ಕೆ ತಂದ 'ಹೆಡ್ಸ್' ಎಂಬ ಕ್ರಮ ಇದನ್ನೇ ಮಾಡುತ್ತದೆ: ಮನೆ, ಓದು, ಬಿಡುವಿನ ಚಟುವಟಿಕೆ, ಮಾದಕ ವಸ್ತು, ಲೈಂಗಿಕತೆ, ಕೊನೆಗೆ ಸಾಯುವ ಯೋಚನೆ. ಕ್ರಮ ಒಳ್ಳೆಯದು. ಆದರೆ ಅದನ್ನು ಅರ್ಜಿ ತುಂಬಿಸಿಕೊಳ್ಳುವಂತೆ ಒಂದಾದ ಮೇಲೊಂದು ಕೇಳುವವರನ್ನು ನೋಡಿದ್ದೇನೆ, "ಮನೆಯಲ್ಲಿ ಯಾರ್ಯಾರಿದ್ದೀರಿ?" ಎಂಬುದಕ್ಕೆ "ಅಪ್ಪ ಈಗಿಲ್ಲ" ಎಂಬ ಉತ್ತರ ಬಂದರೂ ನಿಲ್ಲದೆ "ಯಾವ ತರಗತಿ?" ಎಂದು ಮುಂದಕ್ಕೆ ಹೋಗುತ್ತಾರೆ. ಅಂಥ ಕಡೆ ಪಟ್ಟಿಯನ್ನು ಕೆಳಗಿಡಬೇಕು.

ಮೊಡವೆ, ತಲೆನೋವು ಎಂದು ಬರುತ್ತಾರೆ. ಅಸಲು ವಿಷಯ ಹೊರಗೆ ಬರುವುದು ಹೇಗೆ?

15 ವರ್ಷದ ಹುಡುಗಿಯೊಬ್ಬಳು ಮೊಡವೆಗೆ ಮದ್ದು ಕೇಳಿಕೊಂಡು ಮೂರು ಸಲ ಬಂದಳು. ಮೂರನೆಯ ಸಲ ಮೊಡವೆಯ ಮಾತು ಮುಗಿದ ಮೇಲೂ ಏಳಲಿಲ್ಲ. ನಾನೂ ಸುಮ್ಮನೆ ಕುಳಿತೆ. ಅವಳು ಕೈಯಲ್ಲಿದ್ದ ಬಸ್ ಟಿಕೆಟನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಚಿದಳು. ಇನ್ನು ಮಡಚಲು ಬಾರದು ಎಂದಾದಾಗ, "ಐದು ತಿಂಗಳಿಂದ ಮುಟ್ಟಾಗಿಲ್ಲ" ಎಂದಳು.

ಆ ಕ್ಷಣದಲ್ಲಿ ನಮ್ಮ ಮುಖದಲ್ಲಿ ಏನು ಕಾಣುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ. ನಾನು ಹುಬ್ಬೇರಿಸಿ "ಯಾರ ಜೊತೆಗಾದರೂ..." ಎಂದು ತೊಡಗಿದ್ದರೆ ಅಂದಿಗೆ ಮಾತು ಮುಗಿಯುತ್ತಿತ್ತು. "ಐದು ತಿಂಗಳು ಇದನ್ನು ಒಬ್ಬಳೇ ಹೊತ್ತುಕೊಂಡಿದ್ದೀಯ. ಏನಾಗಿರಬಹುದು ಅಂತ ನಿನಗೆ ಅನಿಸಿದೆ?" ಎಂದೆ. ಅವಳ ಹೆದರಿಕೆ ನಾನು ಊಹಿಸಿದ್ದಲ್ಲವೇ ಅಲ್ಲ. ತೂಕ ಇಳಿಸಲೆಂದು ಊಟ ಬಿಟ್ಟಿದ್ದಳು. ಮುಟ್ಟು ನಿಂತದ್ದರಿಂದ ಮುಂದೆಂದೂ ಮಕ್ಕಳಾಗುವುದಿಲ್ಲ ಎಂದುಕೊಂಡಿದ್ದಳು. ದೇಹಕ್ಕೆ ಶಕ್ತಿ ಸಾಲದಾದಾಗ ಮೆದುಳು ಋತುಚಕ್ರವನ್ನು ತಡೆಹಿಡಿಯುತ್ತದೆ ಎಂದು ವಿವರಿಸಿದೆ. ಗರ್ಭಧಾರಣೆಯ ಪ್ರಶ್ನೆಯನ್ನೂ ಕೇಳಿದೆ, ಅದನ್ನು ಬಿಡುವಂತಿಲ್ಲ. ಆದರೆ, "ಮುಟ್ಟು ನಿಂತಿದೆ ಎಂದು ಬಂದವರೆಲ್ಲರನ್ನೂ ಕೇಳುತ್ತೇನೆ, ನಿನ್ನನ್ನೂ ಕೇಳುತ್ತಿದ್ದೇನೆ" ಎಂಬ ಮುನ್ನುಡಿಯೊಂದಿಗೆ.

"ನನ್ನ ಗೆಳತಿಯೊಬ್ಬಳಿಗೆ ಹೀಗಾಗಿದೆ" ಎನ್ನುತ್ತಾರೆ. "ಗೆಳತಿಯೋ ನೀನೋ?" ಎಂದು ಕೇಳಬಹುದೇ?

ಬೇಡ. ಗೆಳತಿಯ ಬಗ್ಗೆಯೇ ಉತ್ತರಿಸಿ, ಪೂರ್ತಿಯಾಗಿ ಉತ್ತರಿಸಿ. "ನಿನ್ನ ಗೆಳತಿ ಬರುವುದಾದರೆ ನಾನು ಗುರುವಾರ ಇರುತ್ತೇನೆ" ಎನ್ನಿ. ಗುರುವಾರ ಯಾರು ಬರುತ್ತಾರೆ ಎಂದು ನೋಡಿ ಆಶ್ಚರ್ಯಪಡಬೇಡಿ, ಅಷ್ಟೇ.

ಗೋಪ್ಯತೆಯ ಭರವಸೆಯನ್ನು ಎಷ್ಟರ ಮಟ್ಟಿಗೆ ಕೊಡಬಹುದು?

ಉಳಿಸಿಕೊಳ್ಳಲು ಆಗುವಷ್ಟು. ಶುರುವಿನ ವರ್ಷಗಳಲ್ಲಿ "ಏನು ಹೇಳಿದರೂ ಯಾರಿಗೂ ತಿಳಿಯುವುದಿಲ್ಲ" ಎಂದು ನಾನೂ ಧಾರಾಳವಾಗಿ ಹೇಳುತ್ತಿದ್ದೆ. ಒಬ್ಬ ಹುಡುಗಿ ನಂಬಿ ಹೇಳಿದಳು. ಹೇಳಿದ್ದು ಮುಚ್ಚಿಡುವಂಥದ್ದಾಗಿರಲಿಲ್ಲ. ನಾನು ಮಾಡಬೇಕಾದ್ದನ್ನೇ ಮಾಡಿದೆ, ಆದರೆ ಅವಳ ಪಾಲಿಗೆ ನಾನು ಮಾತಿಗೆ ತಪ್ಪಿದ ಇನ್ನೊಬ್ಬ ದೊಡ್ಡ ಮನುಷ್ಯ. ಮತ್ತೆಂದೂ ಬರಲಿಲ್ಲ.

ಈಗ ಮೊದಲ ಐದು ನಿಮಿಷದಲ್ಲೇ ಹೀಗೆ ಹೇಳುತ್ತೇನೆ: "ನೀನು ಹೇಳಿದ್ದು ನಮ್ಮಿಬ್ಬರ ನಡುವೆ ಇರುತ್ತದೆ. ನಿನ್ನ ಜೀವಕ್ಕೆ ಅಪಾಯವಿದೆ ಅನಿಸಿದರೆ, ನಿನ್ನಿಂದ ಬೇರೆಯವರ ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ನಿನಗೆ ಹಿಂಸೆ ಕೊಡುತ್ತಿದ್ದರೆ, ಆಗ ಮಾತ್ರ ಇನ್ನೊಬ್ಬರನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಯಾರನ್ನು, ಯಾವಾಗ ಎಂಬುದನ್ನು ನಿನಗೆ ಮೊದಲು ಹೇಳುತ್ತೇನೆ." ನೀವಿರುವ ಕಡೆಯ ಕಾನೂನು ಯಾವುದನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎನ್ನುತ್ತದೆ, ಯಾವ ವಯಸ್ಸಿನವರಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಎಂದು ಆ ಕುರ್ಚಿಯಲ್ಲಿ ಕೂರುವ ಮೊದಲೇ ತಿಳಿದಿರಬೇಕು. ಮಾತಿನ ನಡುವೆ ಎದ್ದುಹೋಗಿ ಯಾರನ್ನಾದರೂ ಕೇಳಿಬರುವ ವಿಷಯವಲ್ಲ ಇದು.

ಇನ್ನೊಂದು ಮಾತು. ಗುಟ್ಟು ಹೊರಬೀಳುವುದು ಹೆಚ್ಚಾಗಿ ಸಮಾಲೋಚಕರ ಬಾಯಿಂದಲ್ಲ. ತೆರೆದ ಕಿಟಕಿ, ಕಾಯುವ ಜಾಗದಲ್ಲಿ ಹೆಸರು ಮತ್ತು ಕಾರಣ ಎರಡನ್ನೂ ಕೂಗುವ ಸಹಾಯಕ, ಮನೆಯ ಫೋನಿಗೆ ಹೋಗುವ ಸಂದೇಶ, ಇವುಗಳಿಂದ. ಒಂದು ದಿನ ನೀವೇ ಹೊರಗಿನ ಬೆಂಚಿನಲ್ಲಿ ಕುಳಿತು ಒಳಗಿನ ಮಾತು ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷಿಸಿ.

ತಾಯಿ ಅಥವಾ ತಂದೆ "ನಾನೂ ಜೊತೆಗಿರುತ್ತೇನೆ" ಎಂದು ಪಟ್ಟು ಹಿಡಿದರೆ?

ಅವರನ್ನು ಶತ್ರುಗಳೆಂದು ಎಣಿಸಬೇಡಿ, ಹೆದರಿ ಬಂದಿರುತ್ತಾರೆ. ಮೊದಲ ಹತ್ತು ನಿಮಿಷ ಎಲ್ಲರೂ ಕೂತು ಮಾತನಾಡಿ, ಅವರ ಆತಂಕ ಏನೆಂದು ಕೇಳಿ. ಆಮೇಲೆ, "ಈ ವಯಸ್ಸಿನ ಎಲ್ಲರೊಂದಿಗೂ ಸ್ವಲ್ಪ ಹೊತ್ತು ಒಬ್ಬರನ್ನೇ ಕೂರಿಸಿಕೊಂಡು ಮಾತನಾಡುವುದು ನಮ್ಮ ಪದ್ಧತಿ" ಎನ್ನಿ. 'ಎಲ್ಲರೊಂದಿಗೂ' ಎಂಬ ಪದವೇ ಇಲ್ಲಿ ಕೆಲಸ ಮಾಡುವುದು. "ನಿಮ್ಮ ಮಗಳೊಂದಿಗೆ ಒಂಟಿಯಾಗಿ ಮಾತನಾಡಬೇಕು" ಎಂದರೆ ತಾಯಿಯ ಎದೆ ಧಸಕ್ಕೆನ್ನುತ್ತದೆ. ಮಗು ತಾನಾಗಿ ಅಮ್ಮ ಇರಲಿ ಎಂದರೆ ಇರಲಿ. ಆದರೆ ಆ ಪ್ರಶ್ನೆಯನ್ನು ಅಮ್ಮನ ಎದುರಿಗೆ ಕೇಳಬಾರದು, ಎದುರಿಗೆ ಯಾರೂ ಬೇಡ ಎನ್ನುವುದಿಲ್ಲ.

ಅಂಗಗಳ ಹೆಸರು ಹೇಳಲು ನನಗೇ ನಾಲಿಗೆ ಹೊರಳುವುದಿಲ್ಲ. ಏನು ಮಾಡಲಿ?

ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಯೋನಿ, ಶಿಶ್ನ, ವೃಷಣ, ವೀರ್ಯ, ಹಸ್ತಮೈಥುನ. ಹತ್ತು ಸಲ ಹೇಳಿದ ಮೇಲೆ ಮೊಣಕೈ, ಮಂಡಿ ಎಂದಷ್ಟೇ ಸಲೀಸಾಗುತ್ತವೆ. ತಮಾಷೆಗೆ ಹೇಳುತ್ತಿಲ್ಲ, ನಾನು ಕಲಿತದ್ದೇ ಹಾಗೆ.

ನಮ್ಮ ಭಾಷೆಯಲ್ಲಿ ಮುಚ್ಚುಮರೆಯ ಮಾತುಗಳಿಗೆ ಬರವಿಲ್ಲ: 'ಆ ಜಾಗ', 'ಅದು', 'ಒಂದು ಥರ', 'ಆ ದಿನಗಳು'. ಮುಜುಗರ ತಪ್ಪಿಸಲು ಇವು ಒಳ್ಳೆಯವೇ, ಆದರೆ ಅರ್ಥ ಮುಟ್ಟಿಸುವುದಿಲ್ಲ. "ಸಂಬಂಧ ಇದೆಯಾ?" ಎಂದರೆ ಹುಡುಗ ಮದುವೆ ಸಂಬಂಧವೋ ಸ್ನೇಹ ಸಂಬಂಧವೋ ಎಂದು ಯೋಚಿಸುತ್ತಾನೆ. "ಎಚ್ಚರದಿಂದಿರು" ಎಂದರೆ ರಸ್ತೆ ದಾಟುವಾಗ ಹೇಳಿದಂತಾಯಿತು. ಅದರಲ್ಲಿ ಕಾಂಡೋಮಿನ ಸುಳಿವೂ ಇಲ್ಲ. ಇನ್ನೊಂದು ತುದಿಯಲ್ಲಿ ಪಠ್ಯಪುಸ್ತಕದ ಸಂಸ್ಕೃತ ಪದಗಳು. ಪರೀಕ್ಷೆಯಲ್ಲಿ 'ವೃಷಣ' ಎಂದು ಬರೆದು ಅಂಕ ಪಡೆದವನಿಗೆ ಅದು ತನ್ನ ಮೈಯಲ್ಲಿ ಎಲ್ಲಿದೆ ಎಂದು ಗೊತ್ತಿಲ್ಲದಿರಬಹುದು. ಹಾಗಾಗಿ "ನೀನು ಇದಕ್ಕೆ ಏನೆನ್ನುತ್ತೀಯ?" ಎಂದು ಕೇಳಿ, ಅವರ ಪದವನ್ನೂ ನಿಮ್ಮ ಪದವನ್ನೂ ಒಮ್ಮೆ ಜೋಡಿಸಿ ಮುಂದುವರಿಯಿರಿ.

ಚಿತ್ರ ಬರೆದರೆ ಇನ್ನೂ ಸುಲಭ. ಮೂತ್ರ ಬರುವ ದ್ವಾರ ಬೇರೆ, ಮುಟ್ಟಿನ ರಕ್ತ ಬರುವ ದ್ವಾರ ಬೇರೆ ಎಂದು ಕಾಗದದ ಮೇಲೆ ಮೊದಲ ಸಲ ಕಂಡು ಕಣ್ಣರಳಿಸುವ ಹುಡುಗಿಯರು ಇಂದಿಗೂ ಇದ್ದಾರೆ. ಮುಗಿದ ಮೇಲೆ "ಇದನ್ನು ಒಯ್ಯುತ್ತೀಯಾ, ಹರಿದು ಹಾಕಲಾ?" ಎಂದು ಕೇಳಿ. ಬಹುತೇಕರು ಹರಿಯಿರಿ ಎನ್ನುತ್ತಾರೆ. ಅವರ ಎದುರಿಗೇ ಚೂರುಚೂರಾಗಿ ಹರಿಯಿರಿ.

'ನೀನು' ಎನ್ನಬೇಕೇ, 'ನೀವು' ಎನ್ನಬೇಕೇ?

ಅವರನ್ನೇ ಕೇಳಿ. ಚಿಕ್ಕವರಿಗೆ 'ನೀನು' ಹತ್ತಿರ ಎನಿಸುತ್ತದೆ. 17, 18ರವರು 'ನೀವು' ಎನಿಸಿಕೊಂಡಾಗ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಗಮನಿಸಿದ್ದೇನೆ. 'ಪುಟ್ಟಾ', 'ಚಿನ್ನಾ' ಮಾತ್ರ ಬೇಡ; ಈಗಷ್ಟೇ ದೊಡ್ಡವರಾಗಲು ಹೊರಟವರನ್ನು ಮತ್ತೆ ತೊಟ್ಟಿಲಿಗೆ ಹಾಕಿದಂತೆ.

ಎಷ್ಟು ಕೇಳಿದರೂ "ಹೂಂ", "ಗೊತ್ತಿಲ್ಲ" ಬಿಟ್ಟು ಬೇರೆ ಮಾತಿಲ್ಲ. ಹೇಗೆ ಮಾತನಾಡಿಸುವುದು?

ಪ್ರಶ್ನೆಯ ಆಕಾರ ಬದಲಿಸಿ. ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆಗೆ ಹೌದು-ಇಲ್ಲವೇ ಉತ್ತರ. 'ಯಾಕೆ' ಎಂದು ಶುರುವಾಗುವ ಪ್ರಶ್ನೆಯಲ್ಲಂತೂ ಆರೋಪದ ವಾಸನೆ ಇರುತ್ತದೆ: "ಯಾಕೆ ಕಾಂಡೋಮ್ ಬಳಸಲಿಲ್ಲ?" ಎನ್ನುವ ಬದಲು "ಆಗ ಕಾಂಡೋಮ್ ಬಳಸಲು ಏನು ಕಷ್ಟವಾಯಿತು?" ಎಂದು ಕೇಳಿ ನೋಡಿ. ತಮ್ಮ ಬಗ್ಗೆ ಹೇಳಲಾಗದವರು ಬೇರೆಯವರ ಬಗ್ಗೆ ಹೇಳಬಲ್ಲರು: "ನಿನ್ನ ವಯಸ್ಸಿನ ಹುಡುಗರು ಈ ವಿಷಯದಲ್ಲಿ ಏನೇನು ಮಾತನಾಡಿಕೊಳ್ಳುತ್ತಾರೆ?"

ಮೌನಕ್ಕೆ ಹೆದರಬೇಡಿ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಾವು ಸಾಮಾನ್ಯವಾಗಿ ಮೂರಕ್ಕೇ ಬಾಯಿ ಹಾಕುತ್ತೇವೆ. ಅವರು ಏಳಕ್ಕೆ ಹೇಳಲಿದ್ದರು.

ಹುಡುಗರು ಬರುವುದೇ ಇಲ್ಲವಲ್ಲ?

ಬರುವುದಿಲ್ಲ, ಏಕೆಂದರೆ ಸಂತಾನೋತ್ಪತ್ತಿ ಆರೋಗ್ಯ ಎಂದರೆ ಹೆಣ್ಣುಮಕ್ಕಳ ವಿಷಯ ಎಂದು ನಮ್ಮ ಫಲಕಗಳು, ಗೋಡೆಯ ಚಿತ್ರಗಳು ಎಲ್ಲವೂ ಸಾರಿ ಹೇಳುತ್ತವೆ. ಅವರ ಮನಸ್ಸಿನಲ್ಲಿರುವುದು ಹೆಚ್ಚುಕಡಿಮೆ ಇಷ್ಟು: ಗಾತ್ರ ಸರಿಯಿದೆಯೇ, ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಕುಂದುತ್ತದೆಯೇ, ಹಸ್ತಮೈಥುನದಿಂದ ಕಣ್ಣು ಹೋಗುತ್ತದೆಯೇ, ಎದೆ ಉಬ್ಬಿದೆ, ನಾನು ಹೆಣ್ಣಾಗುತ್ತಿದ್ದೇನೆಯೇ. ಉತ್ತರಗಳು ಸರಳ. ಸ್ವಪ್ನಸ್ಖಲನ ಬೆಳವಣಿಗೆಯ ಸಹಜ ಭಾಗ. ಹಸ್ತಮೈಥುನದಿಂದ ಕಣ್ಣೂ ಹೋಗುವುದಿಲ್ಲ, ಶಕ್ತಿಯೂ ಕುಂದುವುದಿಲ್ಲ. ಪ್ರಾಯಕ್ಕೆ ಬರುವಾಗ ಸುಮಾರು ಅರ್ಧದಷ್ಟು ಹುಡುಗರಲ್ಲಿ ಎದೆಯ ಗ್ರಂಥಿ ಸ್ವಲ್ಪ ಉಬ್ಬುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಇವನ್ನು ಅವರು ಕೇಳುವವರೆಗೆ ಕಾಯಬೇಡಿ. "ಅನೇಕ ಹುಡುಗರು ಇದನ್ನು ಕೇಳುತ್ತಾರೆ" ಎಂದು ನೀವೇ ಎತ್ತಿ.

ಒಂದು ವಿಷಯವನ್ನು ಪ್ರತಿಯೊಬ್ಬ ಹುಡುಗನಿಗೂ ಹೇಳಲೇಬೇಕು. ವೃಷಣದಲ್ಲಿ ಇದ್ದಕ್ಕಿದ್ದಂತೆ ವಿಪರೀತ ನೋವು ಬಂದರೆ ಅದು ತಿರುಚಿಕೊಂಡು ರಕ್ತ ಹರಿಯುವುದು ನಿಂತಿರಬಹುದು. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಉಳಿಯುವ ಸಾಧ್ಯತೆ ತುಂಬ ಹೆಚ್ಚು. ಆಮೇಲೆ ಗಂಟೆಗಂಟೆಗೂ ಇಳಿಯುತ್ತ ಹೋಗುತ್ತದೆ. ಇದು ಹೆಚ್ಚು ಕಾಣುವುದು ಹದಿಹರೆಯದಲ್ಲೇ. ನಾಚಿಕೆಯಿಂದ "ಹೊಟ್ಟೆನೋವು" ಎಂದು ಹೇಳಿ ರಾತ್ರಿಯಿಡೀ ಮಗ್ಗುಲು ಹೊರಳಿ ಬೆಳಗ್ಗೆ ಆಸ್ಪತ್ರೆಗೆ ಬಂದವನ ಅಂಗ ಉಳಿಯದಿರಬಹುದು. ಆ ಪದವನ್ನು ಬಾಯಿಬಿಟ್ಟು ಹೇಳಲು ಕಲಿಸುವುದೂ ಚಿಕಿತ್ಸೆಯೇ.

ಮುಟ್ಟಿನ ಬಗ್ಗೆ ಎಷ್ಟು ಹೇಳಬೇಕು?

ಲೆಕ್ಕ ಹಾಕಲು ಬರುವಷ್ಟು. ಮೊದಲ ಕೆಲವು ವರ್ಷ ಚಕ್ರ 21ರಿಂದ 45 ದಿನಗಳವರೆಗೆ ಹಿಂದೆಮುಂದೆ ಆಗಬಹುದು. ಸ್ರಾವ ಏಳು ದಿನದೊಳಗೆ ನಿಲ್ಲಬೇಕು. 15 ತುಂಬಿದರೂ ಮುಟ್ಟು ಶುರುವಾಗದಿದ್ದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ನೋವಿನಿಂದ ಶಾಲೆ ತಪ್ಪುತ್ತಿದ್ದರೆ ವೈದ್ಯರನ್ನು ಕಾಣಬೇಕು. "ಹೆಣ್ಣಾಗಿ ಹುಟ್ಟಿದ ಮೇಲೆ ಸಹಿಸಿಕೊಳ್ಳಬೇಕು" ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಬೇಕಾದಷ್ಟು ಜನ ಅದನ್ನು ಆಗಲೇ ಹೇಳಿರುತ್ತಾರೆ.

ಗರ್ಭನಿರೋಧಕದ ಬಗ್ಗೆ ಹೇಳಿದರೆ ನಾವೇ ದಾರಿ ತೋರಿಸಿದಂತೆ ಆಗುವುದಿಲ್ಲವೇ?

ಪ್ರತಿ ತರಬೇತಿಯಲ್ಲೂ ಈ ಪ್ರಶ್ನೆ ಇದ್ದೇ ಇದೆ. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿ ಹೊರತಂದ ಮಾರ್ಗದರ್ಶಿ, ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಲೈಂಗಿಕ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದೇ ಹೇಳುತ್ತದೆ. ನಾವು ಹೇಳದಿದ್ದರೆ ಅವರು ತಿಳಿಯದೆ ಉಳಿಯುವುದಿಲ್ಲ, ತಪ್ಪಾಗಿ ತಿಳಿಯುತ್ತಾರೆ: ಮೊದಲ ಸಲಕ್ಕೆ ಗರ್ಭ ನಿಲ್ಲುವುದಿಲ್ಲ, ಸ್ಖಲನಕ್ಕೆ ಮುಂಚೆ ಹೊರತೆಗೆದರೆ ಸಾಕು, ಮುಟ್ಟಿನ ಆಸುಪಾಸಿನಲ್ಲಿ ಭಯವಿಲ್ಲ. ಮೂರನ್ನೂ ನಂಬುವಂತಿಲ್ಲ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೆ ಬದುಕಿರಬಲ್ಲದು ಎಂಬ ಒಂದೇ ಸಂಗತಿ ಮೂರನೆಯದನ್ನು ಅಲುಗಾಡಿಸುತ್ತದೆ.

ಹೇಳುವಾಗ ಪಟ್ಟಿ ಒಪ್ಪಿಸಬೇಡಿ. ಅವರ ದಿನಚರಿಯಿಂದ ಹೊರಡಿ. ದಿನವೂ ಗುಳಿಗೆ ನುಂಗುವುದು ನೆನಪಿರುತ್ತದೆಯೇ, ಎಲ್ಲಿ ಇಡುತ್ತಾಳೆ, ಯಾರ ಕಣ್ಣಿಗೆ ಬೀಳುತ್ತದೆ? ಲೈಂಗಿಕ ಸೋಂಕನ್ನೂ ತಡೆಯುವುದು ಕಾಂಡೋಮ್ ಮಾತ್ರ ಎಂಬುದನ್ನು ಬಿಡಬೇಡಿ. ಇನ್ನೂ ಕಾಯಬೇಕು ಎಂದುಕೊಂಡವರಿಗೆ ಆ ನಿರ್ಧಾರವನ್ನು ಬೇರೆಯವರಿಗೆ ಹೇಳುವ ಮಾತುಗಳೂ ಬೇಕು. ಇಬ್ಬರೂ ಸೇರಿ ಒಂದೆರಡು ವಾಕ್ಯ ಕಟ್ಟಿ ನೋಡಿ.

"ನಿನ್ನೆ ಹೀಗಾಯಿತು" ಎಂದು ಓಡಿ ಬಂದರೆ?

ಬುದ್ಧಿಮಾತು ಆಮೇಲೆ, ಮೊದಲು ಗಡಿಯಾರ. ಲೆವೊನೊರ್ಜೆಸ್ಟ್ರೆಲ್ ಇರುವ ತುರ್ತು ಗರ್ಭನಿರೋಧಕ ಗುಳಿಗೆಯನ್ನು 72 ಗಂಟೆಯೊಳಗೆ, ಬೇಗನೆ ತೆಗೆದುಕೊಂಡಷ್ಟೂ ಒಳ್ಳೆಯದು. ಯುಲಿಪ್ರಿಸ್ಟಾಲ್ ಗುಳಿಗೆಗೂ ಗರ್ಭಕೋಶದೊಳಗೆ ಇಡುವ ತಾಮ್ರದ ವಂಕಿಗೂ (ಕಾಪರ್-ಟಿ) ಐದು ದಿನದವರೆಗೆ ಅವಕಾಶವಿದೆ. ಆಗಲೇ ನಿಂತ ಗರ್ಭವನ್ನು ಈ ಗುಳಿಗೆಗಳು ತೆಗೆಯುವುದಿಲ್ಲ. ಎಚ್‌ಐವಿ ಸೋಂಕಿನ ಸಂಶಯವಿದ್ದರೆ ತಡೆ ಔಷಧವನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಮೂರು ವಾರದ ನಂತರ ಗರ್ಭ ಪರೀಕ್ಷೆ. ಆಗಿದ್ದು ಇಷ್ಟಪಟ್ಟು ಆಗಿದ್ದೋ ಒತ್ತಾಯದಿಂದಲೋ ಎಂಬುದನ್ನು ಮೃದುವಾಗಿ, ಆದರೆ ತಪ್ಪದೆ ಕೇಳಿ.

ಒತ್ತಾಯ, ದೌರ್ಜನ್ಯ ಎಂದು ಗೊತ್ತಾದರೆ?

"ಹೇಳಿದ್ದು ಒಳ್ಳೆಯದಾಯಿತು. ನಾನು ನಿನ್ನ ಮಾತನ್ನು ನಂಬುತ್ತೇನೆ. ತಪ್ಪು ನಿನ್ನದಲ್ಲ." ಇಷ್ಟನ್ನು ಹೇಳಿ. ವಿವರಗಳನ್ನು ಕೆದಕಬೇಡಿ, ಅದಕ್ಕೆ ತರಬೇತಿ ಪಡೆದವರಿದ್ದಾರೆ, ಒಂದೇ ಕಥೆಯನ್ನು ಐದು ಮಂದಿಗೆ ಹೇಳಿಸುವುದು ಇನ್ನೊಂದು ಹಿಂಸೆ. ಇವತ್ತು ರಾತ್ರಿ ಎಲ್ಲಿರುತ್ತಾರೆ, ಅಲ್ಲಿ ಯಾರಿರುತ್ತಾರೆ ಎಂಬುದನ್ನು ಮಾತ್ರ ಕೇಳದೆ ಕಳುಹಿಸಬೇಡಿ. ಮುಂದಿನ ಹೆಜ್ಜೆಯನ್ನು ಅವರಿಗೆ ಹೇಳಿಯೇ ಇಡಿ.

ಮೊಬೈಲಿನಲ್ಲಿ ನೋಡಿದ ಅಶ್ಲೀಲ ವಿಡಿಯೊಗಳನ್ನೇ ನಿಜವೆಂದು ನಂಬಿರುತ್ತಾರಲ್ಲ?

ಬೈದರೆ ನೋಡುವುದನ್ನು ಬಿಡುವುದಿಲ್ಲ, ನಿಮ್ಮೊಂದಿಗೆ ಮಾತನಾಡುವುದನ್ನು ಬಿಡುತ್ತಾರೆ. ಸಿನಿಮಾದ ಹೊಡೆದಾಟ ನೋಡಿ ಯಾರೂ ಹಾಗೆ ಬೀದಿಯಲ್ಲಿ ಹಾರುವುದಿಲ್ಲ, ಅದು ನಟನೆ ಎಂದು ಗೊತ್ತು. ಇದೂ ನಟನೆಯೇ, ಹಣಕ್ಕಾಗಿ ತೆಗೆದದ್ದು. ಒಪ್ಪಿಗೆ ಕೇಳುವುದು, ಬೇಡವೆಂದರೆ ನಿಲ್ಲಿಸುವುದು ಅದರಲ್ಲಿ ಅಪರೂಪ ಎಂದು ತೋರಿಸಿಕೊಡಿ.

ಅವರು ಮಾಡುತ್ತಿರುವುದು ನನ್ನ ನಂಬಿಕೆಗೆ ಒಗ್ಗದಿದ್ದರೆ?

ನಿಮ್ಮ ನಂಬಿಕೆ ನಿಮ್ಮಲ್ಲಿರಲಿ, ಆದರೆ ಅದನ್ನು ಹೊತ್ತುಕೊಂಡು ನಡೆಯಬೇಕಾದದ್ದು ಆ ಹುಡುಗಿಯಲ್ಲ. ನಿಮ್ಮಿಂದ ಆಗುವುದೇ ಇಲ್ಲ ಎನಿಸಿದರೆ ಸಹೋದ್ಯೋಗಿಗೆ ಒಪ್ಪಿಸಿ, ಅದೇ ದಿನ ಒಪ್ಪಿಸಿ. "ಮುಂದಿನ ವಾರ ಬಾ" ಎಂದರೆ 72 ಗಂಟೆ ಕಳೆದುಹೋಗಿರುತ್ತದೆ.

ಉತ್ತರ ಗೊತ್ತಿಲ್ಲದಿದ್ದರೆ?

ಗೊತ್ತಿಲ್ಲ ಎನ್ನಿ. ಎಂದು ತಿಳಿದು ಹೇಳುತ್ತೀರಿ ಎಂಬುದನ್ನೂ ಹೇಳಿ, ಆ ದಿನ ಹೇಳಿ.

ಹೇಳಿದ್ದು ತಲೆಗೆ ಹೋಯಿತೇ ಎಂದು ತಿಳಿಯುವುದು ಹೇಗೆ?

"ಅರ್ಥವಾಯಿತಾ?" ಎಂದರೆ ತಲೆ ಆಡಿಸುತ್ತಾರೆ, ಆ ತಲೆಯಾಡಿಸುವಿಕೆಗೆ ಬೆಲೆಯಿಲ್ಲ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ನಿನ್ನ ಗೆಳೆಯನಿಗೆ ಇದನ್ನು ಹೇಗೆ ಹೇಳುತ್ತೀಯ, ಹೇಳು ನೋಡೋಣ" ಎನ್ನಿ. ಪರೀಕ್ಷೆ ನಿಮ್ಮದು ಎಂದಾಗ ಅವರಿಗೆ ಸಲೀಸು. ಒಬ್ಬ ಹುಡುಗ ಕಾಂಡೋಮಿನ ಬಗ್ಗೆ ಎಲ್ಲವನ್ನೂ ಸರಿಯಾಗಿ ಒಪ್ಪಿಸಿ, ಕೊನೆಗೆ "ತೊಳೆದು ಒಣಗಿಸಿ ಇಟ್ಟುಕೊಳ್ಳಬೇಕು" ಎಂದ. ಒಂದು ಸಲಕ್ಕೆ ಒಂದೇ ಎಂಬುದನ್ನು ನಾನು ಹೇಳಿರಲೇ ಇಲ್ಲ.

ಭೇಟಿಯನ್ನು ಮುಗಿಸುವುದು ಹೇಗೆ?

ಐದು ನಿಮಿಷ ಮುಂಚೆ. ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಬಾಗಿಲ ಚಿಲಕಕ್ಕೆ ಕೈಯಿಟ್ಟ ಮೇಲೆ "ಇನ್ನೊಂದು ಕೇಳಬೇಕಿತ್ತು" ಎನ್ನುವವರು ಬಹಳ. ಹೊರಗೆ ಮುಂದಿನವರು ಕಾಯುತ್ತಿರುತ್ತಾರೆ, ನಿಮಗೂ ದಣಿವಾಗಿರುತ್ತದೆ. ಉಳಿಸಿಟ್ಟುಕೊಂಡ ಆ ಐದು ನಿಮಿಷ ಅದಕ್ಕೇ. ನಿಂತೇ ಉತ್ತರಿಸಬೇಡಿ, ಮತ್ತೆ ಕುರ್ಚಿ ಎಳೆದು ಕೂತುಕೊಳ್ಳಿ.